ಪ್ಯಾಲಿಯೇಟಿವ್ ಗಂಟೆಗಳು ಪ್ರೈಮರಿ ಕೇರ್ ಕ್ಲಿನಿಕ್ಕಿನಲ್ಲೇ ಸಿಕ್ಕವು: ನನ್ನ ಅನುಭವ

ಅಮೆರಿಕದಲ್ಲಿ ಅಡಲ್ಟ್ ಪ್ರೈಮರಿ ಕೇರ್ ಎನ್‌ಪಿ (ನರ್ಸ್ ಪ್ರಾಕ್ಟೀಷನರ್, ರೋಗಿಗಳನ್ನು ನೋಡಿ ಔಷಧಿ ಬರೆಯುವ ನರ್ಸ್) ಓದುತ್ತಿರುವವರಿಗೆ ಕ್ಲಿನಿಕಲ್ ಗಂಟೆಗಳ ಗೋಳು ಹೊಸದಲ್ಲ. ಮೊದಲು 500 ಸಾಕಿತ್ತು, 2022ರ ಮಾನದಂಡ 750 ಕೇಳಿತು. ಜೊತೆಗೆ ಪ್ಯಾಲಿಯೇಟಿವ್ (ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ) ಬೇರೆ ಕಲಿಯಬೇಕು ಅಂದರೆ ಪ್ರಿಸೆಪ್ಟರ್ (ಜೊತೆಗಿಟ್ಟುಕೊಂಡು ಕೆಲಸ ಕಲಿಸುವವರು) ಎಲ್ಲಿ ಸಿಗುತ್ತಾರೆ? ಕೇಳಿದ ಹಾಸ್ಪೀಸ್‌ಗಳೆಲ್ಲ (ಕೊನೆಗಾಲದ ಆರೈಕೆ ಸಂಸ್ಥೆಗಳು) ಇಲ್ಲ ಅಂದವು. ಪ್ರಿಸೆಪ್ಟರ್ ಹುಡುಕಿಕೊಡುವ ಒಂದು ಏಜೆನ್ಸಿ ಗಂಟೆಗೆ 15 ಡಾಲರ್ ಆಸುಪಾಸು ಹೇಳಿತು. ಶಿಫ್ಟ್ ಕಡಿಮೆ ಮಾಡಿಕೊಂಡು ಸಾಲದಲ್ಲಿ ಓದುತ್ತಿದ್ದವಳಿಗೆ ಅದು ಆಗುವ ಮಾತಾ?

ಆದರೆ ಪ್ಯಾಲಿಯೇಟಿವ್ ಬೇಕಾದ ಹಾರ್ಟ್ ಫೇಲ್ಯೂರ್, ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರೆಲ್ಲ ಪ್ರೈಮರಿ ಕೇರ್‌ಗೇ ಬರುತ್ತಾರಲ್ವಾ? ಬೆಳಿಗ್ಗೆ ಶೆಡ್ಯೂಲ್ ಹಿಡಿದು ಕ್ಲಿನಿಕ್ಕಿನ ನನ್ನ ಪ್ರೈಮರಿ ಕೇರ್ ಪ್ರಿಸೆಪ್ಟರನ್ನು ಕೇಳುತ್ತಿದ್ದೆ: "ಇವರು ಒಂದು ವರ್ಷದೊಳಗೆ ತೀರಿಕೊಂಡರೆ ನಿಮಗೆ ಆಶ್ಚರ್ಯ ಆಗುತ್ತಾ?" ಆಗಲ್ಲ ಅಂದ ಹೆಸರೆಲ್ಲ ನನ್ನ ಪಾಲಿಗೆ.

"ಇದೂ ಪ್ಯಾಲಿಯೇಟಿವ್ ಗಂಟೆಯಾ?" ಅಂತ ಫ್ಯಾಕಲ್ಟಿಯೊಬ್ಬರು ನಕ್ಕರು. ಕ್ಲಿನಿಕ್ ಮ್ಯಾನೇಜರ್ ಚಿಂತೆ ಬೇರೆ. ಮುಂದೆ ಕಾಯಿಲೆ ಹೆಚ್ಚಾದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ರೋಗಿಯ ಜೊತೆ ಅರ್ಧ ಗಂಟೆ ಕೂತು ಮಾತಾಡಿದರೆ ದುಡ್ಡು ಎಲ್ಲಿಂದ? ಮೆಡಿಕೇರ್ (ಹಿರಿಯರ ಸರ್ಕಾರಿ ವಿಮೆ) 2016ರಿಂದ ಇಂಥ ಮಾತುಕತೆಯ ಬಿಲ್ ಕೋಡ್ 99497ಕ್ಕೆ ಹಣ ಕೊಡುತ್ತದೆ, ಕನಿಷ್ಠ 16 ನಿಮಿಷ ಆಗಬೇಕು ಅಷ್ಟೇ. ಎನ್‌ಪಿ ಬಿಲ್ ಮಾಡಿದರೆ ಡಾಕ್ಟರ್ ದರದ ಶೇ 85. ಬಿಲ್ ಪ್ರಿಸೆಪ್ಟರ್ ಹೆಸರಲ್ಲಿ ಹೋಗುತ್ತಿದ್ದುದರಿಂದ ಅವರೂ ಕೂತು ಮಾತಾಡಲೇಬೇಕಿತ್ತು. ಅದು ನನಗೇ ಲಾಭವಾಯಿತು.

ಆದರೆ ಶುರುವಿನಲ್ಲಿ ರೋಗಿಗಳ ಮನೆಗೆ ಅವರ ಪಾಲಿನ ಶೇ 20ರ ಬಿಲ್ ಹೋಯಿತು. "ಸಾಯೋ ಮಾತಾಡಿದ್ದಕ್ಕೂ ದುಡ್ಡಾ?" ಅಂತ ಒಬ್ಬ ಅಜ್ಜಿ ಫೋನಿನಲ್ಲಿ ತರಾಟೆಗೆ ತೆಗೆದುಕೊಂಡರು. ಮ್ಯಾನೇಜರ್ ನಿಲ್ಲಿಸಿಬಿಡಿ ಅಂದರು. ಆಮೇಲೆ ಈ ಮಾತುಕತೆಯನ್ನು ವಾರ್ಷಿಕ ವೆಲ್‌ನೆಸ್ ವಿಸಿಟ್ ದಿನವೇ ಇಟ್ಟು ಬಿಲ್‌ಗೆ ಮಾಡಿಫೈಯರ್ 33 (ಮುಂಜಾಗ್ರತೆಯ ಸೇವೆ ಅನ್ನುವ ಗುರುತು) ಹಾಕಿಸಿದೆವು. ರೋಗಿಗೆ ಖರ್ಚಿಲ್ಲ, ಗಲಾಟೆಯೂ ನಿಂತಿತು.

ಅಲ್ಲಿ ಮಾತಿಗೆ ಎಳೆಯಲು ನಾನು ಕೇಳುವ ಮೊದಲ ಪ್ರಶ್ನೆ ಯಾವುದು ಅಂತ ಬರೆಯಲ್ಲ. ಅದು ನನ್ನ ಹತ್ತಿರವೇ ಇರಲಿ!

ಸಣ್ಣಪುಟ್ಟ ಪ್ರಯೋಗಗಳೂ ನಡೆದವು. ಉಸಿರಾಟ ಕಷ್ಟವಾದವರ ಮುಖಕ್ಕೆ ಕೈಯಲ್ಲಿ ಹಿಡಿಯುವ ಪುಟ್ಟ ಫ್ಯಾನ್ ಹಿಡಿಸಿದೆ. ಎಲ್ಲರಿಗೂ ಅಲ್ಲದಿದ್ದರೂ ಸುಮಾರು ಜನಕ್ಕೆ ಹಾಯೆನಿಸಿತು. ಮಾರ್ಫಿನ್ ಶುರುವಾದ ದಿನವೇ ಮಲಬದ್ಧತೆಗೆ ಸೆನ್ನಾ. ಬರೀ ಡಾಕ್ಯುಸೇಟ್ (ಮಲ ಮೆದು ಮಾಡುವ ಔಷಧಿ) ಕೊಡೋದು ಸುಮ್ನೆ. ಒಂದು ಒಪಿಯಾಯ್ಡ್ (ಮಾರ್ಫಿನ್ ಜಾತಿಯ ನೋವಿನ ಔಷಧಿ) ಬಿಟ್ಟು ಇನ್ನೊಂದಕ್ಕೆ ಬದಲಾಯಿಸುವಾಗ ಸಮಾನ ಡೋಸಿನ ಟೇಬಲ್ ಎಲ್ಲರಿಗೂ ಬಾಯಿಪಾಠ, ಆದರೆ ಬಂದ ಡೋಸಿನಲ್ಲಿ ಶೇ 25ರಿಂದ 50 ಇಳಿಸಬೇಕು ಅನ್ನೋದನ್ನು ಓದಿದವರೂ ಮರೆಯುತ್ತಾರೆ.

ಈ ಗಂಟೆಗಳಿಗೆ ಫ್ಯಾಕಲ್ಟಿಯ ಒಪ್ಪಿಗೆ ಸಿಕ್ಕಿದ್ದು ನನ್ನ ಲಾಗ್‌ನಿಂದ. ರೋಗದ ಹೆಸರಿನ ಬದಲು ಏನು ಮಾಡಿದೆ ಅಂತ ಬರೆದೆ: ನೋವಿನ ಡೋಸ್ ಬದಲಾಯಿಸಿದ್ದು, ಮನೆಯವರ ಜೊತೆ ಕೂತದ್ದು, ಪ್ರಾಕ್ಸಿ ಫಾರಂ (ರೋಗಿಯ ಪರ ನಿರ್ಧರಿಸುವವರು ಯಾರು ಅನ್ನೋದು) ತುಂಬಿಸಿದ್ದು. 200ರ ಹತ್ತಿರ ಗಂಟೆ ಪಾಸಾಯಿತು. ಈಗ ಅದೇ ಫ್ಯಾಕಲ್ಟಿ ಹೊಸ ಬ್ಯಾಚಿನವರನ್ನು ಆ ಕ್ಲಿನಿಕ್ಕಿಗೇ ಕಳಿಸುತ್ತಿದ್ದಾರೆ, ನನ್ನ ಲಾಗ್‌ನ ಪ್ರತಿಯನ್ನೂ ಕೈಗೆ ಕೊಟ್ಟು.