ಸಾಫ್ಟ್‌ವೇರ್‌ಗೆ ಮುಂಗಡ ಕೊಡುವ ಮೊದಲು ಗೇಟಿನ ಹತ್ತಿರ ನಿಲ್ಲಿ

ಚಿಕ್ಕಮಗಳೂರಿನಲ್ಲಿ ಕಾಫಿ ಖರೀದಿ ಮಾಡುವವರು, ಸಣ್ಣ ಕ್ಯೂರಿಂಗ್ ಘಟಕ (ಒಣ ಕಾಫಿಯ ಸಿಪ್ಪೆ ತೆಗೆದು ಬೇಳೆ ಮಾಡುವ ಜಾಗ) ನಡೆಸುವವರು ಈಗೀಗ ‘ನಮಗೂ ಒಂದು ಸಾಫ್ಟ್‌ವೇರ್ ಬೇಕು’ ಅನ್ನುತ್ತಾರೆ. ಬೆಂಗಳೂರಿನಿಂದ ಯಾರೋ ಬರುತ್ತಾರೆ, ಲ್ಯಾಪ್‌ಟಾಪ್ ತೆರೆದು ಬಣ್ಣಬಣ್ಣದ ಗ್ರಾಫ್ ತೋರಿಸುತ್ತಾರೆ, ಮುಂಗಡ ತಗೊಂಡು ಹೋಗುತ್ತಾರೆ. ಮುಂದಿನ ಸೀಸನ್ನಿಗೆ ನೋಡಿದರೆ ಕಂಪ್ಯೂಟರ್ ಮೂಲೆಯಲ್ಲಿ, ಹಳೆ ರಿಜಿಸ್ಟರ್ ಮೇಜಿನ ಮೇಲೆ. ಪ್ರೋಗ್ರಾಂ ಕೆಟ್ಟದಿದ್ದು ಹೀಗಾಗುವುದು ಕಡಿಮೆ. ಯಾವ ಕೆಲಸಕ್ಕೆ ಅದು ಬೇಕು ಅಂತ ಮೊದಲೇ ಯಾರೂ ಕೂತು ಬರೆದಿರುವುದಿಲ್ಲ.

ನಾನು ಹೇಳುತ್ತಿರುವುದು ಲೆಕ್ಕಪತ್ರದ ಸಾಫ್ಟ್‌ವೇರ್ ಅಲ್ಲ. ಬಿಸಿನೆಸ್ ಪ್ರೋಸೆಸ್ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ಬಿಪಿಎಂ. ಒಂದು ಕೆಲಸ ಈಗ ಯಾರ ಕೈಯಲ್ಲಿದೆ, ಮುಂದೆ ಯಾರು ಏನು ಮಾಡಬೇಕು, ಯಾರ ಒಪ್ಪಿಗೆ ಬಾಕಿ ಇದೆ ಅನ್ನುವುದನ್ನು ಅದು ನೋಡಿಕೊಳ್ಳುತ್ತದೆ.

ಒಂದೇ ಕೆಲಸ ಆರಿಸಿ

ಖರೀದಿ, ಕೂಲಿ, ರಫ್ತು ಎಲ್ಲ ಒಟ್ಟಿಗೆ ಬೇಡ. ಖರೀದಿಯಿಂದ ಶುರು ಮಾಡಿ. ಅದರ ಗಡಿಯನ್ನು ಒಂದೇ ಸಾಲಿನಲ್ಲಿ ಬರೆಯಿರಿ: ‘ಗಾಡಿ ಗೇಟಿಗೆ ಬಂದಾಗ ಶುರು, ಬೆಳೆಗಾರರ ಖಾತೆಗೆ ಹಣ ಹೋದಾಗ ಮುಕ್ತಾಯ.’ ಅದರ ಕೆಳಗೆ ‘ಈ ಸಲ ಬೇಡ’ ಅಂತ ಇನ್ನೊಂದು ಪಟ್ಟಿ. ಟ್ಯಾಲಿಯಲ್ಲಿ ಲೆಕ್ಕ ಇಡುತ್ತಿದ್ದರೆ ಅದು ಅಲ್ಲೇ ಇರಲಿ, ಮತ್ತೆ ಬರೆಸಬೇಡಿ. ಎರಡನೇ ಪಟ್ಟಿ ಮೊದಲನೆಯದಕ್ಕಿಂತ ಉದ್ದ ಇದ್ದರೆ ಸರಿಯಾದ ದಾರಿಯಲ್ಲಿದ್ದೀರಿ.

ಆ ಮೇಲೆ ಈ ಕೆಲಸಕ್ಕೆ ಕೈ ಹಾಕುವವರನ್ನೆಲ್ಲ ಪಟ್ಟಿ ಮಾಡಿ. ಹತ್ತು ನಿಮಿಷದ ಕೆಲಸ.

ಈಗ ನಡೆಯುತ್ತಿರುವುದನ್ನು ಬರೆಯಿರಿ

ಎಲ್ಲರೂ ಎಡವುವುದು ಇಲ್ಲಿ. ಮಾಲೀಕರನ್ನು ಕೇಳಿ ನೋಡಿ. ‘ಗಾಡಿ ಬರುತ್ತೆ, ತೂಕ ಮಾಡ್ತೀವಿ, ಸ್ಯಾಂಪಲ್ ತೆಗೀತೀವಿ, ರೇಟ್ ಹೇಳ್ತೀವಿ, ದುಡ್ಡು ಕೊಡ್ತೀವಿ’ ಅಂತಾರೆ. ಡೆವಲಪರ್ ಐದು ಸ್ಕ್ರೀನ್ ಮಾಡಿ ಕೊಡುತ್ತಾನೆ. ಮೊದಲ ವಾರವೇ ಆರನೇದು ಬೇಕಾಗುತ್ತದೆ.

ಅದಕ್ಕೇ ಜನವರಿ, ಫೆಬ್ರುವರಿಯಲ್ಲಿ ಗಾಡಿಗಳು ಸಾಲು ನಿಂತಿರುವಾಗ ತೂಕದವರ ಪಕ್ಕ ಸುಮ್ನೆ ನಿಲ್ಲಿ. ರೋಬಸ್ಟಾ ಚೆರ್ರಿಯಲ್ಲಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಿನಲ್ಲಿ, ತೇವಾಂಶ ಶೇ 11ರ ಆಸುಪಾಸು ಇರಬೇಕು, ಮೀಟರ್ 13 ತೋರಿಸಿತು ಅಂತಿಟ್ಟುಕೊಳ್ಳಿ. ಆಗ ಏನು? ಒಂದು ಗಾಡಿ ವಾಪಸ್ ಹೋಗುತ್ತದೆ. ಇನ್ನೊಂದರ ಕಾಫಿ ನಿಮ್ಮ ಕಣದಲ್ಲೇ ಮತ್ತೆ ಒಣಗುತ್ತದೆ. ಮೂರನೆಯದಕ್ಕೆ ತೂಕ ಕಳೆದು ತಗೊಳ್ಳುತ್ತೀರಿ. ಯಾವುದು ಅಂತ ತೀರ್ಮಾನ ಮಾಡುವವರು ಯಾರು? ಮಾಲೀಕರು ಊರಲ್ಲಿಲ್ಲದ ದಿನ ಯಾರು?

ಔಟ್‌ಟರ್ನ್ ವಿಷಯಕ್ಕೆ ಬನ್ನಿ. 50 ಕೆಜಿ ಚೆರ್ರಿ ಮೂಟೆಯಿಂದ ಎಷ್ಟು ಕೆಜಿ ಕಾಫಿ ಬೇಳೆ ಸಿಗುತ್ತದೆ ಅನ್ನುವುದರ ಮೇಲೆ ದುಡ್ಡು ನಿಂತಿದೆ. ನಿಮ್ಮ ಪರೀಕ್ಷೆಯಲ್ಲಿ 25 ಬಂತು, ಬೆಳೆಗಾರರು 27 ಇದೆ ಅಂತಾರೆ. ಎರಡನೇ ಸ್ಯಾಂಪಲ್ ತೆಗೆಯುವುದು ಯಾರು, ಯಾರ ಎದುರಿಗೆ? ಮೊದಲ ಫಲಿತಾಂಶ ಅಳಿಸಿಹೋಗಬೇಕಾ, ಉಳಿಯಬೇಕಾ? ಉಳಿಯಬೇಕು. ಇದರಲ್ಲಿ ಚರ್ಚೆ ಬೇಡ.

ಇನ್ನು ಕೆಲವರು ಕಾಫಿ ನಿಮ್ಮ ಗೋಡೌನಿನಲ್ಲಿ ಇಟ್ಟು, ಅಡ್ವಾನ್ಸ್ ತಗೊಂಡು, ‘ರೇಟ್ ಬರಲಿ, ಆಮೇಲೆ ಕಡಿಯೋಣ’ (ರೇಟ್ ನಿಗದಿ ಮಾಡೋಣ) ಅಂತ ಹೋಗುತ್ತಾರೆ. ಕೆಲಸ ನಡುವೆಯೇ ತಿಂಗಳುಗಟ್ಟಲೆ ನಿಲ್ಲುತ್ತದೆ. ಇದು ಗೊತ್ತಿಲ್ಲದ ಡೆವಲಪರ್ ಅದಕ್ಕೆ ‘ತಡವಾಗಿದೆ’ ಅಂತ ಕೆಂಪು ಬಣ್ಣ ಹಚ್ಚುತ್ತಾನೆ. ಪರದೆ ತುಂಬ ಕೆಂಪಾದ ಮೇಲೆ ನಿಜವಾಗಿ ತಡವಾದದ್ದನ್ನು ಯಾರೂ ನೋಡುವುದಿಲ್ಲ.

ಎಸ್ಟೇಟ್ ಮಾಲೀಕರ ಬದಲು ಅವರ ರೈಟರ್ (ತೋಟದ ಗುಮಾಸ್ತ) ಬರುವುದು, ಪಹಣಿ ಅಪ್ಪನ ಹೆಸರಲ್ಲಿದ್ದು ಬ್ಯಾಂಕ್ ಖಾತೆ ಮಗನದ್ದಾಗಿರುವುದು, ಒಂದೇ ಪಿಕಪ್‌ನಲ್ಲಿ ಎರಡು ತೋಟದ ಮೂಟೆ ಬರುವುದು, ಇವೆಲ್ಲ ಬರೆದುಕೊಳ್ಳಿ. ಇಂಥ ಸಂಗತಿಗಳನ್ನು ಮೀಟಿಂಗಿನಲ್ಲಿ ಯಾರೂ ಹೇಳುವುದಿಲ್ಲ. ಹೊರತೆಗೆಯಲು ಎರಡು ಉಪಾಯ ಇವೆ. ರಿಜಿಸ್ಟರಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದದ್ದನ್ನೆಲ್ಲ ಓದಿ. ‘ಹೋದ ಸೀಸನ್ನಿನಲ್ಲಿ ಜಗಳ ಆಗಿದ್ದು ಯಾವುದಕ್ಕೆ?’ ಅಂತ ತೂಕದವರನ್ನು ಕೇಳಿ.

ಬರೆದುಕೊಂಡ ಹಂತಗಳನ್ನೆಲ್ಲ ಈಗ ಚಿತ್ರ ಮಾಡಿ. ಅದಕ್ಕೆ ಬಿಪಿಎಂಎನ್ (ಬಿಸಿನೆಸ್ ಪ್ರೋಸೆಸ್ ಮಾಡೆಲ್ ಆ್ಯಂಡ್ ನೊಟೇಶನ್) ಅನ್ನುವ ಪದ್ಧತಿ ಇದೆ. ಅದರ 2.0 ಆವೃತ್ತಿ 2011ರಲ್ಲಿ ಬಂತು, 2013ರಲ್ಲಿ ಐಎಸ್‌ಒ ಮಾನದಂಡವೂ ಆಯಿತು. ನೂರೆಂಟು ಗುರುತುಗಳಿವೆ, ನಿಮಗೆ ಮೂರು ಸಾಕು: ಶುರು ಮತ್ತು ಕೊನೆಗೆ ವೃತ್ತ, ಕೆಲಸಕ್ಕೆ ಮೂಲೆ ದುಂಡಗಿರುವ ಚೌಕ, ತೀರ್ಮಾನಕ್ಕೆ ವಜ್ರಾಕೃತಿ. ಒಬ್ಬೊಬ್ಬರಿಗೆ ಒಂದೊಂದು ಅಡ್ಡ ಪಟ್ಟಿ. ವಜ್ರಾಕೃತಿಯಿಂದ ಹೊರಡುವ ಪ್ರತಿ ಗೆರೆಯೂ ಎಲ್ಲಾದರೂ ಹೋಗಿ ಮುಟ್ಟಲೇಬೇಕು. ‘ಇಲ್ಲ’ ಅನ್ನುವ ಗೆರೆ ಗಾಳಿಯಲ್ಲಿ ನೇತಾಡುತ್ತಿದ್ದರೆ ಡಿಸೆಂಬರಿನಲ್ಲಿ ಫೋನ್ ಬರುವುದು ಅಲ್ಲಿಂದಲೇ.

ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಆ್ಯಪ್ ಈ ಹಂತದಲ್ಲಿ ಬೇಡವೇ ಬೇಡ. ಚೆನ್ನಾಗಿ ಕಂಡರೆ ಯಾರೂ ತಿದ್ದಲು ಹೋಗಲ್ಲ. ಗೋಡೆಗೆ ಚಾರ್ಟ್ ಪೇಪರ್ ಅಂಟಿಸಿ, ಸ್ಟಿಕಿ ನೋಟ್ ಹಚ್ಚಿ, ಹಮಾಲರೂ ಬಂದು ಬೆರಳಿಟ್ಟು ‘ಇದು ಹೀಗಲ್ಲ’ ಅನ್ನುವ ಹಾಗಿರಲಿ. ಅಗ್ಗದ ಸ್ಟಿಕಿ ನೋಟ್ ನಮ್ಮ ಮಳೆಗಾಲದ ಗೋಡೆಗೆ ಒಂದು ರಾತ್ರಿ ನಿಲ್ಲುವುದಿಲ್ಲ. ಗುಂಡುಪಿನ್ನು ಚುಚ್ಚಿ.

ಮಾಹಿತಿ, ಕರೆಂಟು, ಕರಾರು

ಬೆಳೆಗಾರರನ್ನು ಹೆಸರಿನಿಂದ ಹುಡುಕಬೇಡಿ, ಒಂದೇ ಹೆಸರನ್ನು ನಾಲ್ಕು ಥರ ಟೈಪ್ ಮಾಡುತ್ತಾರೆ. ಮೊಬೈಲ್ ನಂಬರ್ ಇಟ್ಟುಕೊಳ್ಳಿ. ಆಧಾರ್, ಪಾಸ್‌ಬುಕ್ ಫೋಟೋ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕುವ ಅಭ್ಯಾಸ ಬಿಡಿ. ವೈಯಕ್ತಿಕ ಮಾಹಿತಿ ಕಾಪಾಡಲು 2023ರಲ್ಲೇ ಕಾಯ್ದೆ ಆಗಿದೆ. ಕರೆಂಟು, ನೆಟ್‌ವರ್ಕ್ ಹೋದರೂ ತೂಕದ ಎಂಟ್ರಿ ಉಳಿಯಬೇಕು ಅಂತ ಮೊದಲ ಪುಟದಲ್ಲೇ ಬರೆಯಿರಿ. ಚೀಟಿ ಕನ್ನಡದಲ್ಲಿ ಪ್ರಿಂಟ್ ಆಗಬೇಕು, ಅದನ್ನೂ ಬರೆಯಿರಿ.

ಐದಾರು ಜನರ ಗೋಡೌನಿಗೆ ಕೋಡ್ ಹೆಚ್ಚು ಬರೆಯದೆ ಆ್ಯಪ್ ಮಾಡಿಕೊಳ್ಳಬಹುದಾದ ಝೋಹೊ ಕ್ರಿಯೇಟರ್‌ನಂಥ ಸಿದ್ಧ ಸಲಕರಣೆ ಸಾಕು. ಬರೆಸಲೇಬೇಕು ಅಂದರೆ ಹಂತಕ್ಕೆ ತಕ್ಕಂತೆ ಹಣ ಕೊಡಿ. ನಿಮ್ಮ ಮಾಹಿತಿಯನ್ನೆಲ್ಲ ಎಕ್ಸೆಲ್‌ಗೆ ಇಳಿಸಿಕೊಳ್ಳುವ ಹಕ್ಕು ಕರಾರಿನಲ್ಲಿರಲಿ. ‘ಅದು ಆಮೇಲೆ ಸೇರಿಸೋಣ’ ಅನ್ನುವವರಿಗೆ ಕಾಫಿ ಕೊಟ್ಟು ಕಳಿಸಿ.

ವರ್ಷದ ಲೆಕ್ಕ

ಸೀಸನ್ನಿನಲ್ಲಿ ನೋಡಿ, ಯುಗಾದಿ ಹೊತ್ತಿಗೆ ಚಿತ್ರ ಮುಗಿಸಿ, ಮಳೆಗಾಲದಲ್ಲಿ ಬರೆಸಿ, ದಸರಾ ಹೊತ್ತಿಗೆ ಪರೀಕ್ಷೆ. ಪರೀಕ್ಷೆಗೆ ಡೆವಲಪರ್ ತಂದ ಸುಳ್ಳು ಹೆಸರುಗಳು ಬೇಡ. ಹೋದ ವರ್ಷದ ರಿಜಿಸ್ಟರ್ ತೆಗೆದು, ಜಗಳವಾದ ಲಾಟ್‌ಗಳನ್ನೇ ಮೊದಲು ಹಾಕಿಸಿ. ರೋಬಸ್ಟಾಕ್ಕಿಂತ ಮೊದಲು ಕೊಯ್ಲಾಗುವ ಅರೇಬಿಕಾ ಬರಲು ಶುರುವಾದಾಗ ಅದಕ್ಕೆ ಮಾತ್ರ ಬಳಸಿ, ರಿಜಿಸ್ಟರನ್ನೂ ಜೊತೆಗೆ ಬರೆಯುತ್ತಾ ಹೋಗಿ. ಎರಡೂ ತಾಳೆಯಾದರೆ ರೋಬಸ್ಟಾಗೂ ಹಚ್ಚಿ.

ಹಳೆ ಅಡ್ವಾನ್ಸ್ ಬಾಕಿಗಳನ್ನು ತುಂಬಿಸುವ ಕೆಲಸವನ್ನು ಮಾತ್ರ ಡೆವಲಪರ್‌ಗೆ ಬಿಡಬೇಡಿ. ನಿಮ್ಮ ಗುಮಾಸ್ತರೇ ಪುಸ್ತಕ ನೋಡಿ ತುಂಬಲಿ. ಒಂದೊಂದು ಬಾಕಿಗೂ ಬೆಳೆಗಾರರ ಸಹಿ ಹಾಕಿಸಿಕೊಂಡ ಮೇಲೇ ಹೊಸ ಸೀಸನ್ನಿನ ಮೊದಲ ಗಾಡಿ ಒಳಗೆ ಬರಲಿ.