ಹಿರಿಯರ ಕೈಯಲ್ಲಿರೋದನ್ನ ಕಲಿಯೋದು, ಮುಂದಕ್ಕೆ ಕೊಡೋದು ಹೇಗೆ?

ಹಿರಿಯರಿಂದ ಒಂದು ಕಸುಬು, ಹಾಡು, ಕತೆ ಏನೇ ಕಲಿಯಬೇಕಿದ್ದರೂ ಮೊದಲ ದಿನವೇ ನೋಟ್‌ಬುಕ್ ಹಿಡಿದು ಪ್ರಶ್ನೆ ಕೇಳಬೇಡಿ. ಕೈಕೆಲಸ ಆದರೆ ಪಕ್ಕದಲ್ಲಿ ಕೂತು ನೋಡಿ. ಎದುರಿಗೆ ಕೂತರೆ ಎಡ ಬಲ ಅದಲುಬದಲಾಗುತ್ತದೆ.

ಬುಟ್ಟಿ ಹೆಣೆಯುವವರನ್ನೇ ತೆಗೆದುಕೊಳ್ಳಿ. ಬೆತ್ತವನ್ನು ಮೊದಲೇ ನೆನೆಸಿಟ್ಟಿರುತ್ತಾರೆ, ಹೆಣೆಯುತ್ತಾ ಮಧ್ಯೆ ಮಧ್ಯೆ ಒದ್ದೆ ಬೆರಳನ್ನು ಅದರ ಮೇಲೆ ಸವರುತ್ತಾರೆ, ಒಂದೊಂದು ಸುತ್ತು ಮುಗಿದಾಗಲೂ ಹೆಬ್ಬೆರಳಿಂದ ಕೆಳಕ್ಕೆ ಒತ್ತುತ್ತಾರೆ. ಹೇಗೆ ಅಂತ ಕೇಳಿದರೆ 'ಒಂದು ಮೇಲೆ, ಒಂದು ಕೆಳಗೆ, ಅಷ್ಟೇ' ಅನ್ನುತ್ತಾರೆ. ಅವರು ಮುಚ್ಚಿಡುತ್ತಿಲ್ಲ. ಬೆರಳು ಒದ್ದೆ ಮಾಡಿದ್ದು ಅವರ ಗಮನಕ್ಕೇ ಬಂದಿರುವುದಿಲ್ಲ. ಆದರೆ ನೀವು ಒಣ ಬೆತ್ತ ಬಗ್ಗಿಸಿದರೆ ಅದು ಚಟ್ ಅಂತ ಸೀಳುತ್ತದೆ, ಆಗ 'ಅಯ್ಯೋ, ನೀರು ಮುಟ್ಟಿಸು' ಅನ್ನುತ್ತಾರೆ ನೋಡಿ! ಅದಕ್ಕೇ ಅವರ ಮುಂದೆಯೇ ಮಾಡಿ, ಅವರ ಮುಂದೆಯೇ ತಪ್ಪಿ.

ಬೇಡ ಅನ್ನಿಸಿದ ಹಂತವನ್ನೂ ಮೊದಮೊದಲು ಬಿಡಬೇಡಿ. ಪ್ರಾಣಿಗಳ, ಮಕ್ಕಳ ಕಲಿಕೆಯ ಸಂಶೋಧಕರಾದ ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ 2005ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಳಗೆ ಬಹುಮಾನ ಇರುವ ಪೆಟ್ಟಿಗೆಯನ್ನು ತೆರೆದು ತೋರಿಸುವಾಗ ಬೇಕಂತಲೇ ಕೆಲವು ಕೆಲಸಕ್ಕೆ ಬಾರದ ಹಂತ ಸೇರಿಸಿದ್ದರು. ಪೆಟ್ಟಿಗೆ ಪಾರದರ್ಶಕವಾಗಿದ್ದಾಗ ಚಿಂಪಾಂಜಿಗಳು ಆ ಹಂತಗಳನ್ನು ಬಿಟ್ಟು ಸೀದಾ ಬಹುಮಾನಕ್ಕೆ ಕೈ ಹಾಕಿದವು. ಮೂರು ನಾಲ್ಕು ವರ್ಷದ ಮಕ್ಕಳು ಮಾತ್ರ ತೋರಿಸಿದ್ದನ್ನೆಲ್ಲ ಹಾಗೇ ಮಾಡಿದರು. ಮಕ್ಕಳು ದಡ್ಡರು ಅಂತಲ್ಲ. ಕಾರಣ ಗೊತ್ತಿಲ್ಲದಿದ್ದರೂ ನಂಬಿ ಮಾಡುವ ಈ ಗುಣದಿಂದಲೇ ಎಷ್ಟೋ ವಿದ್ಯೆ ನಮ್ಮವರೆಗೆ ಬಂದಿದೆ ಅಂತ ನನಗೆ ಅನ್ನಿಸುತ್ತದೆ. ನಿಜ, ಕೆಲವು ಹಂತಗಳಿಗೆ ಅರ್ಥವೇ ಇರುವುದಿಲ್ಲ. ಕೈ ಪಳಗಿದ ಮೇಲೆ ಒಂದೊಂದೇ ಬಿಟ್ಟು ನೋಡಿ, ಏನು ಕೆಡುತ್ತದೆ ಅಂತ ಗೊತ್ತಾಗುತ್ತದೆ.

ಕತೆ, ಹಾಡು ಆದರೆ ಕೇಳಿದ ದಿನವೇ ಅವರಿಗೇ ತಿರುಗಿ ಹೇಳಿ. ಬಾಯಿಂದ ಬಾಯಿಗೆ ಹೋಗುವಾಗ ನಮಗೆ ಪರಿಚಯ ಇಲ್ಲದ ವಿವರಗಳೇ ಜಾಸ್ತಿ ಉದುರುತ್ತವೆ, ಅಥವಾ ನಮಗೆ ಗೊತ್ತಿರುವುದಕ್ಕೆ ಹೊಂದಿಕೊಂಡು ಬದಲಾಗುತ್ತವೆ. ಮನಶ್ಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ಟ್ಲೆಟ್ 1932ರಲ್ಲೇ ಇದನ್ನು ತೋರಿಸಿದ್ದರು. ಧ್ವನಿಯನ್ನೂ ರೆಕಾರ್ಡ್ ಮಾಡಿ, ಆದರೆ ಅವರ ಒಪ್ಪಿಗೆ ಕೇಳಿ ಮಾಡಿಕೊಳ್ಳಿ.

ಇನ್ನು ನೀವು ಕಲಿಸುವಾಗ. ಕಲಿಯುವವರ ಕೈ ನಿಧಾನ ಅಂತ ಕಿತ್ತುಕೊಂಡು ನೀವೇ ಮುಗಿಸಬೇಡಿ. ತುಂಬ ಕಷ್ಟ ಇದು, ಅಲ್ವಾ? ಬುಟ್ಟಿ ಆದರೆ ಶುರುವಿಗೆ ಬುಡ ನೀವೇ ಹೆಣೆದು ಕೊಡಿ, ಮೇಲಿನ ಸುತ್ತು ಅವರು ಹಾಕಲಿ. ಆಮೇಲೆ ಬುಡವೂ ಅವರದೇ. ಒಬ್ಬರಿಗಲ್ಲ, ಇಬ್ಬರು ಮೂವರಿಗೆ ಒಟ್ಟಿಗೆ ಕಲಿಸಿ. ಒಬ್ಬರು ಮರೆತಿದ್ದು ಇನ್ನೊಬ್ಬರ ಕೈಯಲ್ಲಿ ಉಳಿದಿರುತ್ತದೆ.