ಮಳೆಯಲ್ಲಿ ಡ್ರ್ಯಾಗ್ ರೇಡಿಯಲ್: ಮೊದಲು ಗಾಳಿ ನೋಡಿ

ಅಮೆರಿಕದಲ್ಲಿ ಮಸ್ಟಾಂಗ್, ಕ್ಯಾಮರೋ ಓಡಿಸುವ ಕನ್ನಡಿಗ ಗೆಳೆಯರಿಗೆ ಒಂದು ಮಾತು. ಡ್ರ್ಯಾಗ್ ರೇಡಿಯಲ್, ಅಂದರೆ ನೇರ ಓಟದ ಡ್ರ್ಯಾಗ್ ರೇಸಿಗೆಂದು ಮಾಡಿದ ಟೈರಿನ ಮೇಲೆ ಡಿಒಟಿ (ಅಮೆರಿಕದ ಸಾರಿಗೆ ಇಲಾಖೆ) ಮುದ್ರೆ ಇದ್ದರೆ ಅದನ್ನು ರಸ್ತೆಗೆ ಇಳಿಸಬಹುದು ಎಂದಷ್ಟೇ ಅರ್ಥ, ಮಳೆಗೆ ತಕ್ಕದ್ದು ಎಂದಲ್ಲ. ಟೈರಿನ ಮೇಲೆ ಬೆರಳಾಡಿಸಿ ನೋಡಿ: ಆಳವಿಲ್ಲದ ನಾಲ್ಕಾರು ಗೀರುಗಳು, ಉಳಿದದ್ದೆಲ್ಲ ನುಣುಪಾದ ಮೆದು ರಬ್ಬರ್. ನೀರು ಹೊರಹೋಗಲು ದಾರಿಯೇ ಸಾಲದು.

ಹಲವರು ಮರೆಯುವುದು ಗಾಳಿಯನ್ನು. ಟ್ರ್ಯಾಕಿಗೆಂದು ಗಾಳಿಯ ಒತ್ತಡವನ್ನು 16 ಪಿಎಸ್‌ಐಗೆ ಇಳಿಸಿ, ಹಾಗೆಯೇ ಮನೆಗೆ ಹೊರಟುಬಿಡುತ್ತಾರೆ. ನಾಸಾ ಪ್ರಯೋಗಗಳಿಂದ ಬಂದ ಹಳೆಯ ಸೂತ್ರದ ಪ್ರಕಾರ, ನಿಂತ ನೀರಿನ ಮೇಲೆ ಟೈರು ತೇಲತೊಡಗುವ ವೇಗ 16 ಪಿಎಸ್‌ಐಗೆ ಗಂಟೆಗೆ ಸುಮಾರು 41 ಮೈಲಿ, 32ಕ್ಕೆ ಸುಮಾರು 58. ಅಗಲವಾದ ಟೈರಿನಲ್ಲಿ ಅಷ್ಟನ್ನೂ ನಂಬಬೇಡಿ. ಟ್ರ್ಯಾಕ್ ಬಿಡುವ ಮುನ್ನವೇ ರಸ್ತೆಯ ಒತ್ತಡಕ್ಕೆ ಗಾಳಿ ತುಂಬಿಸಿ.

ಕ್ರೂಸ್ ಕಂಟ್ರೋಲ್ ಬೇಡ, ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಬೇಡಿ. ಹಿಂದಿನ ಚಕ್ರಗಳಿಗೆ ಮಾತ್ರ ಈ ಟೈರು ಹಾಕಿದ್ದರೆ ಇನ್ನೂ ಎಚ್ಚರ ಬೇಕು: ಮುಂಭಾಗ ಹಿಡಿತದಲ್ಲಿರುವಾಗಲೇ ಹಿಂಭಾಗ ಜಾರುತ್ತದೆ, ಸ್ಟೀರಿಂಗ್ ಹಿಡಿದ ಕೈಗೆ ಸುಳಿವೇ ಸಿಗುವುದಿಲ್ಲ. ಮಳೆ ಜೋರಾದರೆ ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ರಸ್ತೆಯ ನೀರು ಇಳಿಯುವವರೆಗೆ ಕಾಯಿರಿ.